ದಪ್ಪ ತಂತಿಯ ಕೆಳಗಿನ ತಿರುಪು

ಬಿಟ್ಟಂಗಾಲ
೪ ಮೇ ೧೯೬೯

ಪೂಜ್ಯ ದೊಡ್ಡಪ್ಪನವರಿಗೆ ಯಮುನ ಮಾಡುವ ನಮಸ್ಕಾರಗಳು.

ನಿನ್ನೆ ಅಭ್ಯಾಸಕ್ಕೆ ಕೂತಾಗ ನನ್ನ ಬಾಸ್ ಗಿಟಾರಿಗೆ ದನಿಯೇ ಇರಲಿಲ್ಲ. ತಂತಿಯ ಅದುರನ್ನು ಹಿಡಿದು ಸ್ಪೀಕರ್ ಪೆಟ್ಟಿಗೆಗೆ ಕಳಿಸುವ ಪಿಕಪ್ಪನ್ನು ಯಾರೋ ಪೂರ್ತಿ ಕೆಳಗಿಳಿಸಿದ್ದರು. ತಿರುಪು ತಿರುಗಿಸಿದವರು ನೀವೆಂದು ನಿಮ್ಮ ತೋಟದ ಆಳು ಬೊಳ್ಳಪ್ಪ ಹೇಳಿದ. "ಮದುವೆಲಿ ಗೂಡೆ ಅದ್ನ ಹಿಡ್ಕಂಡ್ ನಿಂತರೆ ಸಾಕ್, ಬಾರ್ಸಿದ್ ಕೇಳುದು ಬೇಡ" ಅಂದಿರಂತೆ. ಆ ಗೂಡೆ, ಮನೆಯ ಹುಡುಗಿ, ನಾನೇ.

ಮದುವೆ ನಿಮ್ಮ ಮಗನದು. ಬಾರಿಸಲು ನನ್ನನ್ನು ಕರೆದವನೂ ಅವನೇ. ಆದ್ದರಿಂದ ಪಿಕಪ್ಪನ್ನು ಮತ್ತೆ ಏರಿಸಿದ್ದೇನೆ. ದಪ್ಪ ತಂತಿಯನ್ನು ಕೊನೆಯ ಮೆಟ್ಟಿನಲ್ಲಿ ಒತ್ತಿ ಹಿಡಿದರೆ ಕೆಳಗೆ ಒಂದು ಕಾಫಿ ಬೀಜ ನುಸುಳುವಷ್ಟು ಜಾಗವಿದೆ. ಇನ್ನೂ ಏರಿಸಿದರೆ ಒಳಗಿನ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ಕೆಡಿಸುತ್ತದೆ. ನನಗೆ ಗದ್ದಲ ಬೇಕಿಲ್ಲ, ಸ್ವರ ಬೇಕು.

ನೀವು ಒಯ್ದ ಸಣ್ಣ ಸ್ಕ್ರೂಡ್ರೈವರನ್ನು ದಯವಿಟ್ಟು ಬೊಳ್ಳಪ್ಪನ ಕೈಯಲ್ಲಿ ಕಳಿಸಿಕೊಡಿ. ಇವತ್ತು ಅಡಿಗೆಮನೆಯ ಚಾಕುವಿನ ತುದಿಯಲ್ಲಿ ಕೆಲಸ ಮುಗಿಸಿದೆ. ತಿರುಪಿನ ತಲೆ ಸ್ವಲ್ಪ ಸವೆದಿದೆ. ಪಿಕಪ್ಪನ್ನು ನೀವು ಮತ್ತೆ ಇಳಿಸಿದರೆ, ವಿರಾಜಪೇಟೆಯ ಚಪ್ಪರದಲ್ಲಿ ನೆಂಟರೆಲ್ಲರ ಎದುರಿಗೇ ಕೂತು ಏರಿಸಿಕೊಳ್ಳುತ್ತೇನೆ. ಅಷ್ಟು ಹೊತ್ತು ಕುಣಿಯುವವರು ಕಾಯಬೇಕಾಗುತ್ತದೆ. ಯಾಕೆಂದು ಕೇಳಿದವರಿಗೆ ಇದ್ದದ್ದನ್ನೇ ಹೇಳುತ್ತೇನೆ.

ಮದುವೆಯ ದಿನ ಅವ್ವ, ದೊಡ್ಡವ್ವ ಇಬ್ಬರೂ ಮದುಮಗಳ ಜೊತೆ ಒಳಕೋಣೆಯಲ್ಲೇ ಕೂತಿರಬೇಕು. ಚಪ್ಪರದಲ್ಲಿ ನಿಂತ ನಾನು ಅವರಿಗೆ ಕಾಣುವುದಿಲ್ಲ. ಬಾರಿಸಿದ್ದಾದರೂ ಕೇಳಬೇಕು.

ಇತಿ ನಿಮ್ಮ ತಮ್ಮನ ಮಗಳು,
ಯಮುನ