ಸಾರ್ಡಿನಿಯಾದ ಜಲ್ಲಿ ರಸ್ತೆಯಲ್ಲಿ ನೀವು ಸೈಕಲ್ ತುಳಿದದ್ದು

ಇವರಿಗೆ,

ಮೂವತ್ತಾರು ವರ್ಷ ಹೆಸರು ಹಿಡಿದು ಕರೆಯದವಳು ಈಗ ಕರೆದರೆ ಎಲ್ಲಿದ್ದೀರೋ ಅಲ್ಲೇ ಬೆಚ್ಚಿ ಬಿದ್ದೀರಿ. ಅದಕ್ಕೆ ಹೀಗೇ ಇರಲಿ. ನಿಮ್ಮ ಸೈಕಲ್ ಗೆಳೆಯರ ವಿಷಯ ಸ್ವಲ್ಪ ಹೇಳುವುದುಂಟು. ನೀವಿದ್ದಾಗ ಹೇಳಿದರೆ ಮುಖ ಊದಿಸಿಕೊಳ್ಳುತ್ತಿದ್ದಿರಿ. ಈಗ ಕೇಳದೆ ಎಲ್ಲಿಗೆ ಹೋಗುತ್ತೀರಿ?

ಆ ಚಡ್ಡಿ ಹಾಕಿಕೊಂಡು ಮೊದಲ ಸಲ ಮನೆಯ ಹಾಲ್‌ನಲ್ಲಿ ನಿಂತ ದಿನ ನೆನಪುಂಟಾ? ಅರುವತ್ತು ದಾಟಿದ ಗಂಡಸು, ಹಿಂದೆ ದಿಂಬು ಹೊಲಿದಂತಿರುವ ಬಿಗಿ ಚಡ್ಡಿ. ಅದನ್ನು ಬಾಲ್ಕನಿಯಲ್ಲಿ ಒಣಗಿಸಲು ನಾಚಿಕೆಯಾಗಿ, ಅದರ ಮೇಲೊಂದು ಟವೆಲ್ ಹೊದಿಸುತ್ತಿದ್ದೆ. ಡಾಕ್ಟರು ಶುಗರಿಗೆ ನಡೆಯಿರಿ ಎಂದಿದ್ದು. ನೀವು ಸೈಕಲ್ ತಂದಿರಿ. ಸೈಕಲಿನ ಹಿಂದೆ ಆ ಗ್ರೂಪ್ ಬಂತು, ಗ್ರೂಪಿನ ಹಿಂದೆ ಕ್ಯಾಪ್ಟನ್. ಯಾವ ಹಡಗಿಗೆ ಕ್ಯಾಪ್ಟನ್ ಎಂದು ಕೇಳಿದರೆ, ಘಾಟ್ಕೋಪರಿನಲ್ಲಿ ಟೈಲ್ಸ್ ಅಂಗಡಿಯಂತೆ!

ಊಟದ ಮೇಜಿನ ಮೇಲೆ ನಕ್ಷೆ ಹರಡಿ ಸಾರ್ಡಿನಿಯಾ ತೋರಿಸಿದ್ದೂ ನೆನಪಿದೆ. ಮೆಡಿಟರೇನಿಯನ್ ಸಮುದ್ರದ ನಡುವೆ ದ್ವೀಪ, ಕರಾವಳಿ ಉದ್ದಕ್ಕೂ ಹಳ್ಳಿ, ಡಾಂಬರಿಲ್ಲದ ಬಿಳಿ ಜಲ್ಲಿ ರಸ್ತೆ, ಎರಡೂ ಕಡೆ ಆಲಿವ್ ತೋಟ. ಅದರಲ್ಲೇ ಎಂಟು ದಿನ ಸೈಕಲ್. "ಜಲ್ಲಿ ರಸ್ತೆಗೆ ವಿಮಾನ ಹತ್ತಬೇಕಾ ಮಾರಾಯ್ರೆ? ನಮ್ಮ ಬಿಲ್ಡಿಂಗ್ ಎದುರಿನ ರಸ್ತೆ ಅಗೆದು ಹಾಕಿ ಆರು ತಿಂಗಳಾಯ್ತಲ್ಲ," ಎಂದೆ. ನೀವು ನಗಲಿಲ್ಲ. "ನಿನಗೆ ಗೊತ್ತಾಗುವುದಿಲ್ಲ," ಎಂದಿರಿ. ಹೋಟೆಲಿನ ಅಡುಗೆಮನೆಯ ಗೋಡೆ ಬಿಟ್ಟು ಬೇರೇನೂ ನೋಡದೆ ನಲವತ್ತು ವರ್ಷ ಕಳೆದವರು ನೀವು. ಹೋಗಿ ಬನ್ನಿ ಎಂದೆ.

ಭಾಂಡುಪ್ ಸ್ಟೇಷನ್ ಹತ್ತಿರದ ನಮ್ಮ ಸಣ್ಣ ಹೋಟೆಲನ್ನು ಕೊಟ್ಟು ಬಂದ ದಿನ ನೀವು ಮೊದಲು ಮಾಡಿದ ಕೆಲಸ ಯಾವುದು? ಕೈ ತೊಳೆದುಕೊಂಡು, "ಇನ್ನು ಸಾಯುವವರೆಗೆ ನಾನು ಸೌಟು ಮುಟ್ಟುವುದಿಲ್ಲ," ಎಂದದ್ದು. ಮುಟ್ಟಲೂ ಇಲ್ಲ. ನನಗೆ ಜ್ವರ ಬಂದರೂ ಕೆಳಗಿನಿಂದ ಇಡ್ಲಿ ತರಿಸಿದಿರೇ ಹೊರತು ಗ್ಯಾಸ್ ಹಚ್ಚಲಿಲ್ಲ. ನನಗೆ ಬೇಸರವಾಗಲಿಲ್ಲ. ಮೊಣಕೈವರೆಗಿನ ಆ ಸುಟ್ಟ ಕಲೆಗಳನ್ನು ನೋಡಿದವಳಲ್ಲವಾ ನಾನು.

ಅದಕ್ಕೇ, ನೀವು ಸಾರ್ಡಿನಿಯಾಕ್ಕೆ ಹೋದ ಮೂರನೆಯ ದಿನ ನನ್ನ ಫೋನಿಗೆ ಆ ಫೋಟೊ ಬಂದಾಗ... ಹೌದು, ಬಂದಿತ್ತು. ನಿಮಗೆ ಹೇಳಿರಲಿಲ್ಲ. ಕ್ಯಾಪ್ಟನ್ ಹೆಂಡತಿ ಕಳಿಸಿದ್ದು. ಒಂಬತ್ತು ಜನ ಮೇಜಿನ ಸುತ್ತ ಕೂತು ಸಾರು ಅನ್ನ ಹೊಡೆಯುತ್ತಿದ್ದಾರೆ. ಹಿಂದೆ ನೀವು, ಸೊಂಟಕ್ಕೆ ಟವೆಲ್, ಕೈಯಲ್ಲಿ ಸೌಟು. ಫೋನ್ ಮಾಡಿ ಕೇಳಿದರೆ ಆ ಹೆಂಗಸು ಖುಷಿಯಲ್ಲೇ ಹೇಳಿದಳು: "ಮೊದಲ ದಿನ ಅಂಕಲ್ ಜಲ್ಲಿಯಲ್ಲಿ ಹಿಂದೆ ಉಳಿದರಂತೆ ಭಾಭೀ. ಇವರಿಗೆಲ್ಲ ಲೇಟಾಯ್ತು. ಅದಕ್ಕೆ, ನೀವು ಸಾಮಾನಿನ ವ್ಯಾನಿನಲ್ಲಿ ಬಂದು ಅಡುಗೆ ನೋಡಿಕೊಳ್ಳಿ ಅಂದರಂತೆ. ಅಲ್ಲಿಯ ಊಟ ಯಾರಿಗೂ ಸೇರುವುದಿಲ್ಲವಲ್ಲ!" ಎಲ್ಲರ ಹಾಗೆ ಟಿಕೆಟ್ ತೆಗೆದು ಹೋದ ಮನುಷ್ಯನನ್ನು ಒಂದೇ ದಿನದಲ್ಲಿ ಒಲೆಯ ಮುಂದೆ ನಿಲ್ಲಿಸಿದರು. ನೀವು ನಿಂತಿರಿ! ಥೂ. ಒಂದು ಮಾತು "ಆಗುವುದಿಲ್ಲ" ಎನ್ನಲು ಬಾಯಿ ಇರಲಿಲ್ಲವಾ?

ಅದೇ ಸಂಜೆ ನೀವು ಫೋನ್ ಮಾಡಿದಿರಿ. "ಇವತ್ತು ದೊಡ್ಡ ಘಾಟಿ ಹತ್ತಿದೆ ಮಾರಾಯ್ತಿ. ಮೇಲೆ ಹೋದರೆ ಒಂದು ಬದಿಗೆ ಇಡೀ ಸಮುದ್ರ!" ಎಂದಿರಿ.

"ಕಾಲು ನೋವು?" ಎಂದೆ.

"ಎಂಥ ನೋವು? ಏನಿಲ್ಲ."

"ಊಟ?"

"ಅದೆಲ್ಲ ಅವರೇ ನೋಡಿಕೊಳ್ಳುತ್ತಾರೆ."

ಫೋನಿಟ್ಟೆ. ಯಾರ ಮೇಲೆ ಹೆಚ್ಚು ಸಿಟ್ಟು ಬಂತು ಎಂದು ಕೇಳಬೇಡಿ.

ವಾಪಸು ಬಂದ ಮೇಲೆ ಆಂಟಾಪ್ ಹಿಲ್‌ನಲ್ಲಿ ನಿಮ್ಮ ತಮ್ಮ ದಿವಾಕರನ ಮನೆಯಲ್ಲಿ ಆ ಘಾಟಿಯ ಕಥೆ ಎಷ್ಟು ಸಲ ಹೇಳಿದಿರಿ? ಮುಂದಿನ ಚಕ್ರ ಜಲ್ಲಿಯಲ್ಲಿ ಜಾರಿದ್ದು, ಕುರಿಗಳ ಕೊರಳ ಗಂಟೆ ಕೇಳಿದ್ದು, ತೊಗಟೆ ಸುಲಿದು ಕೆಂಪಗಾದ ಮರಗಳು, ಕುರಿ ಕಾಯುವ ಮುದುಕ ನೀರು ಕೊಟ್ಟದ್ದು. ವ್ಯಾನಿನ ಕಿಟಕಿಯಿಂದ ಎಷ್ಟು ಚೆಂದ ನೋಡಿದ್ದೀರಿ! ದಿವಾಕರ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಚಿಕ್ಕಂದಿನಿಂದ ಅವನಿಗೆ ಅಣ್ಣನೆಂದರೆ ಹೋಟೆಲಿನ ಹೊಗೆ ಕುಡಿದು ತನ್ನನ್ನು ಓದಿಸಿದವನು. ಅಣ್ಣನೂ ಒಮ್ಮೆ ಗುಡ್ಡ ಹತ್ತಿದ ಎಂಬುದು ಅವನಿಗೆ ಎಷ್ಟು ಬೇಕಿತ್ತು! ನಾನು ಪಕ್ಕದಲ್ಲೇ ಕೂತು ನಿಮ್ಮ ಸುಳ್ಳನ್ನು ಚಹಾದ ಜೊತೆ ನುಂಗಿದೆ. ಅಷ್ಟೆಲ್ಲ ಆದ ಮೇಲೂ ಪ್ರತಿ ಭಾನುವಾರ ಅವರ ಹಿಂದೆಯೇ ಹೋಗುತ್ತಿದ್ದಿರಲ್ಲ, ಅದು ಮಾತ್ರ ನುಂಗಲಾಗಲಿಲ್ಲ. ಕೊನೆಗೆ ಒಂದು ಭಾನುವಾರ ಅವರ ಜೊತೆ ಹೊರಡಲೆಂದೇ ಶೂ ಲೇಸ್ ಕಟ್ಟಲು ಬಗ್ಗಿದವರು ಏಳಲಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ಸೊಸೈಟಿ ಹಾಲಿಗೆ ಆ ಒಂಬತ್ತೂ ಜನ ಬಂದರು. ಎದೆಯ ಮೇಲೆ ನಿಮ್ಮ ಮುಖ ಅಚ್ಚು ಹಾಕಿಸಿದ ಹಳದಿ ಟಿ-ಶರ್ಟು! ಸಾವಿನ ಮನೆಗೂ ಯೂನಿಫಾರ್ಮ್. ಬಂದವರು ಮೊದಲು ಸೆಲ್ಫಿ ತೆಗೆದರು. ಆಮೇಲೆ ಕ್ಯಾಪ್ಟನ್ ಮೈಕ್ ಹಿಡಿದ. ದೋಸ್ತಿ, ಫಿಟ್ನೆಸ್ ಎಂದೆಲ್ಲ ಹಿಂದಿಯಲ್ಲಿ ಕೊರೆದು, "ಸಾರ್ಡಿನಿಯಾದಲ್ಲಿ ಅಂಕಲ್ ಇಲ್ಲದಿದ್ದರೆ ನಾವೆಲ್ಲ ಉಪವಾಸ. ನಾವು ಸೈಕಲ್ ಹೊಡೆದು ಸುಸ್ತಾಗಿ ಬರುವಾಗ ಬಿಸಿ ಬಿಸಿ ರಸಂ ರೆಡಿ. ದಿನಾ..." ಎನ್ನುತ್ತಿದ್ದ. ಎದುರಿಗೇ ದಿವಾಕರ ಕೂತಿದ್ದ. ತಲೆ ಎತ್ತಿ ನನ್ನ ಕಡೆ ನೋಡಿದ. "ದಿನಾ?" ಎಂದು ಅವನ ತುಟಿ ಅಲುಗಿದ್ದು ನನಗೆ ಕಂಡಿತು.

ನಾನು ಎದ್ದೆ. ಗಂಡ ಸತ್ತು ಹದಿಮೂರು ದಿನವಾದವಳು ನಡೆದು ಹೋಗಿ ಅವನ ಕೈಯಿಂದ ಮೈಕ್ ತೆಗೆದುಕೊಂಡೆ. ನನ್ನ ಹಿಂದಿ ನಿಮಗೆ ಗೊತ್ತಲ್ಲ. ಆದರೂ ಹೇಳಿದೆ: "ಹೌದು, ದಿನಾ. ಇವರೆಲ್ಲರಿಗಿಂತ ಮೊದಲು ನಮ್ಮ ಯಜಮಾನರೇ ಸೈಕಲ್ ತುಳಿದು ಊರು ಮುಟ್ಟುತ್ತಿದ್ದರು. ಈ ಹುಡುಗರು ಬರುವವರೆಗೆ ಕಾದು ಕಾದು ಬೇಸರ ಬಂದು ಅನ್ನಕ್ಕಿಡುತ್ತಿದ್ದರಂತೆ. ಅಲ್ಲವಾ ಕ್ಯಾಪ್ಟನ್ ಸಾಹೇಬ್?"

ಹಾಲ್‌ನಲ್ಲಿ ಎಲ್ಲರೂ ನಕ್ಕರು. ಕ್ಯಾಪ್ಟನ್ ನನ್ನ ಮುಖ ನೋಡಿದ. ನಾನೂ ಕಣ್ಣು ತೆಗೆಯಲಿಲ್ಲ. "ಹಾಂ... ಹಾಂ ಭಾಭೀ, ಸಹೀ ಬಾತ್," ಎಂದ. ದಿವಾಕರ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ನಕ್ಕನೋ ಅತ್ತನೋ...

ಎರಡು ತಿಂಗಳು ಬಿಟ್ಟು ಆ ಕ್ಯಾಪ್ಟನ್ ಮಹಾಶಯ ಮನೆಗೇ ಬಂದ. ಈ ಸಲ ಸ್ಪೇನಿನ ಕರಾವಳಿಯಂತೆ, ಅದೂ ಜಲ್ಲಿಯಂತೆ. ನಿಮ್ಮ ನೆನಪಿಗೆ ನಿಮ್ಮ ಸೈಕಲನ್ನು ಒಯ್ಯುತ್ತಾರಂತೆ. "ಮತ್ತೆ ಭಾಭೀ, ಅಂಕಲ್ ತಂದಿದ್ದ ಆ ರಸಂ ಪುಡಿ ಒಂದೆರಡು ಕಿಲೋ ಮಾಡಿಕೊಡುತ್ತೀರಾ?"

"ಮೊದಲ ದಿನ ಅವರು ಹಿಂದೆ ಉಳಿದಾಗ ಎಷ್ಟು ಹೊತ್ತು ಕಾದಿರಿ?" ಎಂದು ಕೇಳಿದೆ.

"ಗ್ರೂಪ್ ಅಂದ ಮೇಲೆ ಸ್ಪೀಡ್ ನೋಡಬೇಕಲ್ಲ ಭಾಭೀ..."

"ಹಾಗಾದರೆ ಸ್ಪೀಡಾಗಿ ಹೊರಡಿ. ಪುಡಿ ಇಲ್ಲ. ಸೈಕಲ್ ಎಲ್ಲಿಗೂ ಬರುವುದಿಲ್ಲ. ಹಸಿವಾದರೆ ಅಲ್ಲಿ ಬ್ರೆಡ್ ಸಿಗುತ್ತದೆ," ಎಂದು ಬಾಗಿಲು ಹಾಕಿದೆ. ನೀರೂ ಕೊಡಲಿಲ್ಲ. ನಮ್ಮ ಮನೆಯಿಂದ ಹಾಗೆ ಕಳಿಸಿದ ಮೊದಲ ಮನುಷ್ಯ ಅವನೇ ಇರಬೇಕು.

ಹೋದ ವಾರ ದಿವಾಕರನ ಮೊಮ್ಮಗಳಿಗೆ ಹೆಸರಿಟ್ಟರು. ಊಟವಾದ ಮೇಲೆ ಅವನು ಬೀಗರ ನಡುವೆ ಕೂತು ನಿಮ್ಮ ಘಾಟಿಯ ಕಥೆ ತೆಗೆದ. ಈಗ ಅದರಲ್ಲಿ ತೋಳ ಬೇರೆ ಬಂದಿದೆ! ಯಾರೋ ನಂಬದೆ ನಕ್ಕರು. "ಅತ್ತಿಗೆ, ನೀವೇ ಹೇಳಿ, ಅಣ್ಣ ಹತ್ತಿದ್ದು ಹೌದಾ ಅಲ್ಲವಾ?" ಎಂದ. ನಾನು ಒಂದು ಕ್ಷಣವೂ ತಡಮಾಡಲಿಲ್ಲ. "ಹೌದು," ಎಂದೆ. "ಎಲ್ಲೂ ಇಳಿದು ತಳ್ಳಲಿಲ್ಲವಂತೆ."

ನಿಮ್ಮ ಆ ಜನರ ಬಗ್ಗೆ ನನಗಿರುವ ಹೇಸಿಗೆ ಹೋಗುವಂಥದ್ದಲ್ಲ. ನನಗೇ ಸುಳ್ಳು ಹೇಳಿದಿರಲ್ಲ ಎಂಬ ಸಿಟ್ಟೂ ಹೋಗಿಲ್ಲ. ಆದರೆ ಯಾರು ಕೇಳಿದರೂ, ಎಷ್ಟು ಸಲ ಕೇಳಿದರೂ, ನಾನು ಬದುಕಿರುವವರೆಗೆ ನೀವು ಆ ಘಾಟಿ ಹತ್ತಿದವರೇ. ಸೈಕಲ್ ಮೇಲೆಯೇ.