ಮುಚ್ಚಬಾರದಿದ್ದ ಗೇಟು

ಶೆಫೀಲ್ಡ್
ನವೆಂಬರ್ 23, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೀಗೆ ಕಾಗದ ಬರೆಯುತ್ತಿರುವುದಕ್ಕೆ ಮೊದಲು ಕ್ಷಮಿಸಿಬಿಡಿ. ಏನಿದ್ದರೂ ಮೆಸೇಜು ಹಾಕು ಎಂದು ನೀವು ಹೇಳಿದ್ದು ಮರೆತಿಲ್ಲ. ಆದರೆ ನನ್ನ ಹಿಂದಿನ ನಾಲ್ಕು ಮೆಸೇಜಿಗೂ ನೀವು ಹೆಬ್ಬೆರಳಿನ ಚಿತ್ರ ಕಳಿಸಿದಿರಿ. ಅದನ್ನು ಹೌದು ಎಂದು ಓದಿಕೊಳ್ಳಬೇಕೋ, ಸರಿ ನೋಡೋಣ ಎಂದೋ ತಿಳಿಯದೆ ಎರಡು ವಾರ ಕಳೆದೆ. ಕಾಗದಕ್ಕೆ ಹೆಬ್ಬೆರಳು ತೋರಿಸಲು ಬರುವುದಿಲ್ಲವಲ್ಲ, ಅದಕ್ಕೇ ಇದು.

ನಿಮ್ಮ ಬೆನ್ನುನೋವು ಹೇಗಿದೆ? ಲುಬ್ಲಿಯಾನಾದಲ್ಲಿ ಈಗ ದಿನವಿಡೀ ಮಂಜು ಕವಿದಿರಬೇಕು. ತಣ್ಣಗಿರುವಾಗ ಬಗ್ಗಿ ಭಾರ ಎತ್ತಬೇಡಿ, ನನ್ನ ಪುಟ್ಟ ತಮ್ಮ ಲೋವ್ರೋನನ್ನು ಕೂಡ. ಅವನಿಗೆ ಹಲ್ಲು ಬಂತೇ? ಅವನಮ್ಮ ಅಲೆಂಕಾ ಅವರಿಗೆ ರಾತ್ರಿ ನಿದ್ದೆ ಮಾಡಲು ಬಿಡುತ್ತಾನಾ? ನಾನು ಚೆನ್ನಾಗಿದ್ದೇನೆ. ಕೆಮ್ಮು ಹೋಯಿತು. ಭೂಗೋಳದ ಮೊದಲ ಪ್ರಬಂಧಕ್ಕೆ ಅರವತ್ತೆರಡು ಬಂತು. ಇಲ್ಲಿ ಅದು ಒಳ್ಳೆಯ ಅಂಕವಂತೆ. ಆದರೂ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದನ್ನು ಹತ್ತು ಸಲ ಓದಿ, ಬೈದಿದ್ದಾರೋ ಹೊಗಳಿದ್ದಾರೋ ಎಂದು ಯೋಚಿಸುತ್ತಾ ಕೂತಿದ್ದೆ. ನನ್ನ ಸ್ವಭಾವ ನಿಮಗೆ ಗೊತ್ತಲ್ಲ.

ನಾಲ್ಕೂ ಮೆಸೇಜಿನಲ್ಲಿ ಬರೆದದ್ದನ್ನೇ ಇನ್ನೊಮ್ಮೆ ಹೇಳಿಬಿಡುತ್ತೇನೆ. ಡಿಸೆಂಬರ್ ಹನ್ನೆರಡಕ್ಕೆ ನಮ್ಮ ಹಾಸ್ಟೆಲ್ ಮುಚ್ಚುತ್ತದೆ. ಜನವರಿವರೆಗೆ ಕೋಣೆ ಖಾಲಿ ಮಾಡಿಕೊಡಬೇಕು. ಇಷ್ಟು ವರ್ಷ ರಜೆ ಬಂದರೆ ನನ್ನ ಗಾರ್ಡಿಯನ್ ಮಿಸೆಸ್ ಪೆಲ್ ಮನೆ ಇತ್ತು. ಹದಿನೆಂಟು ತುಂಬಿದ ಮೇಲೆ ಗಾರ್ಡಿಯನ್ ಕೆಲಸ ಮುಗಿಯುತ್ತದೆ, ಅವರು ಈಗ ಬೇರೊಂದು ಹುಡುಗಿಯನ್ನು ಇಟ್ಟುಕೊಂಡಿದ್ದಾರೆ. ಹೋದ ಕ್ರಿಸ್‌ಮಸ್‌ನಲ್ಲಿ ನೀವು, ಮಗು ಬರುವ ಹೊತ್ತು, ಮನೆ ಚಿಕ್ಕದು, ಮುಂದಿನ ವರ್ಷ ನೋಡೋಣ ಎಂದಿದ್ದಿರಿ. ಆ ಮುಂದಿನ ವರ್ಷ ಇದೇ ಅಲ್ಲವೇ ಅಪ್ಪಾ? ನನ್ನ ಕಾರಿಡಾರಿನವರೆಲ್ಲ ಟಿಕೆಟ್ ಮಾತಾಡುತ್ತಾರೆ. ನಾನೂ ಲುಬ್ಲಿಯಾನಾಕ್ಕೆ ಹೊರಟಿದ್ದೇನೆ ಎಂದು ಹೇಳಿಬಿಟ್ಟಿದ್ದೇನೆ.

ಈಗ ಬೇರೆ ಸುದ್ದಿ. ಸೈಕಲ್ ಕೊಂಡೆನೆಂದು ತಿಳಿಸಿದ್ದೆನಲ್ಲ, ಅಗಲ ಟೈರಿನದು, ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿರುತ್ತದೆ. ಜಲ್ಲಿ ದಾರಿ, ಕೆಸರು, ಹುಲ್ಲು ಎಲ್ಲದಕ್ಕೂ ಅದೊಂದೇ. ಕಾಲೇಜಿನ ಸೈಕಲ್ ಸಂಘಕ್ಕೆ ಎರಡು ಸಲ ಹೋದೆ. ಒಳ್ಳೆಯವರೇ, ಏರು ಹತ್ತಿದ ಮೇಲೆ ಹಿಂದುಳಿದವರಿಗಾಗಿ ಕಾಯುತ್ತಾರೆ. ನಾನು ಏದುಸಿರು ಬಿಡುತ್ತಾ ಮೇಲೆ ತಲುಪುವಷ್ಟರಲ್ಲಿ ಅವರ ದಣಿವು ಆರಿರುತ್ತದೆ, "ಬಂದ್ಲಾ? ಸರಿ, ನಡೀರಿ" ಎಂದು ಹೊರಡುತ್ತಾರೆ. ಅಲ್ಲಿಗೆ ನನಗೆ ವಿಶ್ರಾಂತಿಯೂ ಇಲ್ಲ, ಮಾತೂ ಇಲ್ಲ. ಮೂರನೇ ವಾರದಿಂದ ಒಬ್ಬಳೇ ಹೋಗುತ್ತಿದ್ದೇನೆ. ಶನಿವಾರ ಬೆಳಗಿನ ರೈಲಿಗೆ ಸೈಕಲ್ ಹಾಕಿಕೊಂಡು ಮೂರನೇ ಸ್ಟೇಷನ್ನಿನಲ್ಲಿ ಇಳಿಯುವುದು. ಜಲಾಶಯದ ಪಕ್ಕದ ಜಲ್ಲಿ ದಾರಿಯಲ್ಲಿ ಆರು ಮೈಲಿ, ಆಮೇಲೆ ಸೈಕಲ್ ದಾರಿ ತೋರಿಸುವ ನೀಲಿ ಬಾಣದ ಗುರುತು ಹಿಡಿದು ಗುಡ್ಡಕ್ಕೆ. ಹಳದಿ ಬಾಣದ ದಾರಿ ನಡೆಯುವವರದು, ಅಲ್ಲಿ ಸೈಕಲ್ ತುಳಿದರೆ ಮುದುಕರು ಕೋಲೆತ್ತುತ್ತಾರೆ. ಮೇಲೆ ಹೋದರೆ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಕುರುಚಲು, ಕಪ್ಪು ಜೌಗು, ಗಾಳಿ, ಅಷ್ಟೇ. ಮೂರು ಗಂಟೆ ತುಳಿದರೂ ಒಂದು ನರಪಿಳ್ಳೆ ಸಿಗುವುದಿಲ್ಲ. ಆದರೂ ಹಾಸ್ಟೆಲಿಗಿಂತ ಅಲ್ಲಿ ಒಂಟಿತನ ಕಡಿಮೆ, ಯಾಕೆಂದರೆ ಅಲ್ಲಿ ಯಾರೂ ಇಲ್ಲದಿರುವುದು ನ್ಯಾಯವೇ. ಒಂದು ವಾರವಂತೂ ಬುಧವಾರದಿಂದ ಶನಿವಾರದವರೆಗೆ ನಾನು ಬಾಯಿಬಿಟ್ಟು ಮಾತಾಡಿದ್ದು ಕ್ಯಾಂಟೀನಿನ ಹೆಂಗಸಿನ ಜೊತೆ ಮಾತ್ರ, ಅದೂ ಬಟಾಣಿ ಬೇಡ ಎನ್ನಲು.

ಎರಡು ವಾರದ ಹಿಂದೆ ಅಲ್ಲಿ ಒಂದು ತಪ್ಪು ಮಾಡಿದೆ. ಗುಡ್ಡ ಇಳಿಯುವಾಗ ಕಲ್ಲುಗೋಡೆಯ ನಡುವೆ ಒಂದು ಗೇಟು, ಪೂರಾ ತೆರೆದು ನೀಲಿ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿತ್ತು. ಹನ್ನೊಂದನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು ನಾನು, ನನ್ನ ಹಿಂದೆ ಬಾಗಿಲು ತೆರೆದಿದ್ದರೆ ಮೇಟ್ರನ್ ಹಿಡಿಯುತ್ತಾರೆಂದು ಈಗಲೂ ಬೆನ್ನು ಚುರುಗುಟ್ಟುತ್ತದೆ. ಪಾಪ, ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡು ಹಗ್ಗ ಬಿಚ್ಚಿ, ಗೇಟು ಹಾಕಿ, ಚಿಲಕ ಬಿತ್ತೇ ಎಂದು ಎರಡು ಸಲ ಅಲ್ಲಾಡಿಸಿ ನೋಡಿ ಬಂದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಖುಷಿ ಬೇರೆ.

ಮುಂದಿನ ಶನಿವಾರ ಅದೇ ಗೇಟಿನ ಹತ್ತಿರ ಒಬ್ಬ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅರವತ್ತೈದರ ಮೇಲಿರಬಹುದು, ಮೊಣಕಾಲುದ್ದ ರಬ್ಬರ್ ಬೂಟು. "ಕೆಂಪು ಹೆಲ್ಮೆಟ್ಟಿನವಳು ನೀನೇನಾ? ನನ್ನ ಟಗರಿನ ಸಂಸಾರ ಹಾಳು ಮಾಡ್ದೋಳು?" ನಾನು ಸೈಕಲ್ಲಿನಿಂದ ಇಳಿದುಬಿಟ್ಟೆ. ಹಿಂದೆ ಅವರ ತಮ್ಮ ಕ್ಲೆಮ್ ಬೇಲಿಗೆ ಒರಗಿ ನಗುತ್ತಿದ್ದ. ನವೆಂಬರಿನಲ್ಲಿ ಕುರಿಗಳ ನಡುವೆ ಟಗರು ಬಿಡುತ್ತಾರೆ ಅಪ್ಪಾ. ಅದರ ಎದೆಗೆ ಬಣ್ಣ ಕಟ್ಟಿರುತ್ತಾರೆ, ಯಾವ ಕುರಿಯ ಹಿಂಭಾಗಕ್ಕೆ ಬಣ್ಣ ಹತ್ತಿತೋ ಅದರ ಕೆಲಸ ಆಯಿತೆಂದು ಲೆಕ್ಕ. (ನಿಮಗೆ ಇದನ್ನೆಲ್ಲ ಬರೆಯಲು ನಾಚಿಕೆ, ಆದರೆ ವಿಷಯವೇ ಅದು.) ಎರಡು ಹೊಲಗಳಿಗೂ ಒಂದೇ ಟಗರು, ಅದು ಓಡಾಡಲೆಂದೇ ಗೇಟು ತೆರೆದು ಕಟ್ಟಿದ್ದು. "ಹೆಂಗಸರೆಲ್ಲ ಆ ಕಡೆ, ಇವನೊಬ್ಬ ಈ ಕಡೆ. ಎರಡು ದಿನ ಗೇಟಿಗೆ ಹಣೆ ಚಚ್ಚಿಕೊಂಡು ನಿಂತಿದ್ದ ನಮ್ಮ ಬಾರ್ನಬಿ. ನನ್ನ ಹೊಲಾನ ಮಠ ಮಾಡಿಬಿಟ್ಯಲ್ಲೇ ತಾಯಿ!" ಕ್ಲೆಮ್, "ಬಿಡಕ್ಕಾ, ಅವನಿಗೂ ಸ್ವಲ್ಪ ರಜೆ ಬೇಡ್ವಾ?" ಎಂದ. "ನೀನು ಸುಮ್ನಿರು, ವರ್ಷವೆಲ್ಲ ರಜೆ ನಿಂಗೆ" ಎಂದು ಅವನಿಗೂ ಬಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗ್ಬೇಕು. ತೆಗೆದಿದ್ರೆ ತೆಗೆದ ಹಾಗೆ, ಹಾಕಿದ್ರೆ ಹಾಕಿದ ಹಾಗೆ. ಅಷ್ಟೂ ಹೇಳಿಕೊಡ್ಲಿಲ್ವಾ ನಿಮ್ಮಮ್ಮ?" ಎಂದರು. ಅಮ್ಮ ಇಲ್ಲ, ನಾನು ಒಂಬತ್ತರವಳಿದ್ದಾಗಲೇ ಹೋದಳು ಎಂದೆ. ಅವರು ಬೂಟಿನ ಕೆಸರನ್ನು ಕಲ್ಲಿಗೆ ಉಜ್ಜಿದರು. "ಸರಿ, ಈಗ ನಾನು ಹೇಳಿಕೊಟ್ಟ ಹಾಗಾಯ್ತು. ಬಾ, ಟೀ ಆರಿಹೋಗುತ್ತೆ."

ಅವರು ಮಿಸೆಸ್ ಬ್ಯಾಗ್‌ಶಾ. ನಿನ್ನೆ ಮತ್ತೆ ಹೋದೆ, ದಂಡ ಕಟ್ಟಲು ಹೋದ ಹಾಗೆ. ನಿನ್ನೆ ಬಾರ್ನಬಿಯ ಬಣ್ಣ ಬದಲಿಸುವ ದಿನ, ಹಳದಿ ತೆಗೆದು ಕೆಂಪು, ತಡವಾಗಿ ಬಣ್ಣ ಹತ್ತಿದವು ಯಾವುವೆಂದು ತಿಳಿಯಲು. ಕ್ಲೆಮ್ ಕೊಂಬು ಹಿಡಿದ, ನಾನು ಹಿಂದಿನಿಂದ ಒತ್ತಿ ಹಿಡಿದೆ. ಟಗರು ನನ್ನನ್ನು ಎರಡು ಸಲ ಕೆಸರಿನಲ್ಲಿ ಕೂರಿಸಿತು. ಹಳದಿ ಹತ್ತದ ಕುರಿಗಳು ಹನ್ನೊಂದು ಉಳಿದಿದ್ದವು. ಅದರಲ್ಲಿ ಎಷ್ಟು ನನ್ನ ತಪ್ಪಿನಿಂದ ಉಳಿದವೋ ಎಂದು ನಾನು ಮನಸ್ಸಿನಲ್ಲೇ ಕೊರಗುತ್ತಿದ್ದರೆ ಅವರಿಗೆ ಮುಖದಲ್ಲೇ ಕಂಡಿತು. "ಹೆದರ್ಬೇಡ, ಅವು ತಡವಾಗಿ ಮರಿ ಹಾಕ್ತವೆ, ಅಷ್ಟೇ. ತಡವಾಗಿ ಹುಟ್ಟಿದ್ದೂ ಬದುಕುತ್ತೆ" ಎಂದರು. ಬೆಂಕಿಯ ಮುಂದೆ ಸಾಕ್ಸು ಒಣಗಿಸುತ್ತಾ ಕೂತಾಗ, ಕ್ರಿಸ್‌ಮಸ್ಸಿಗೆ ಎಲ್ಲಿ ಎಂದು ಕೇಳಿದರು. ಲುಬ್ಲಿಯಾನಾ, ಅಪ್ಪನ ಮನೆಗೆ ಎಂದೆ. "ಟಿಕೆಟ್ ಆಯ್ತಾ?" ಇನ್ನೂ ಇಲ್ಲ. "ಸೈಕಲ್ ಮೇಲೇ ಹೋಗ್ತಾಳೇನೋ ಬಿಡು" ಎಂದ ಕ್ಲೆಮ್. ಅವರು ನಗಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ತುಂಡು ಓಟ್ಸ್ ಕೇಕು ಹಾಕಿದರು.

ವಾಪಸ್ಸು ಬರುವಾಗ ನಾಲ್ಕಕ್ಕೇ ಕತ್ತಲು. ಜಲಾಶಯದ ದಾರಿಯಲ್ಲಿ ನನ್ನ ದೀಪದ ಬೆಳಕೊಂದೇ, ಟೈರಿನ ಕೆಳಗೆ ಜಲ್ಲಿಯ ಸದ್ದೊಂದೇ. ನಿಮಗೆ ಏನು ಬರೆಯಬೇಕೆಂದು ಆರು ಮೈಲಿಯೂ ಬಾಯಲ್ಲೇ ಹೇಳಿಕೊಳ್ಳುತ್ತಾ ಬಂದೆ. ಬರೆಯಲು ಕೂತರೆ ಇಷ್ಟುದ್ದ ಕುರಿಯ ಕಥೆಯಾಯಿತು.

ಅಲೆಂಕಾ ಅವರಿಗೆ ನನ್ನ ನಮಸ್ಕಾರ ತಿಳಿಸಿ. ಲೋವ್ರೋಗೆ ಎರಡೂ ಕೆನ್ನೆಗೆ ಮುತ್ತು. ಅಕ್ಕ ಒಬ್ಬಳಿದ್ದಾಳೆಂದು ಆಗಾಗ ಹೇಳುತ್ತಿರಿ. ಬೆನ್ನು ಜೋಪಾನ.

ನಿಮ್ಮ ಮಗಳು,
ನೇಜಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ, ನಾಳೆ ಬೆಳಗ್ಗೆ ಟಪಾಲು ಡಬ್ಬಿ ತೆಗೆಯುವಷ್ಟರಲ್ಲಿ ಹಾಕಬೇಕು. ನಿನ್ನೆ ಹೊರಡುವಾಗ ಮಿಸೆಸ್ ಬ್ಯಾಗ್‌ಶಾ ಅಂಗಳದವರೆಗೆ ಬಂದು, "ಮಾಳಿಗೆ ಮೇಲೆ ಒಂದು ಕೋಣೆ ಖಾಲಿ ಇದೆ. ಚಳಿಗಾಲದಲ್ಲಿ ಹುಲ್ಲು ಹೊರೋಕೆ ನಂಗೂ ಒಂದು ಜೊತೆ ಕೈ ಬೇಕು. ಹತ್ತನೇ ತಾರೀಖಿನೊಳಗೆ ಹೇಳು" ಎಂದರು. ಹಾಗಾಗಿ ಎಲ್ಲೂ ಜಾಗವಿಲ್ಲವಲ್ಲ ಎಂಬ ಮರುಕಕ್ಕೆ ನೀವು ನನ್ನನ್ನು ಮನೆಗೆ ಕರೆಯಬೇಕಾಗಿಲ್ಲ ಅಪ್ಪಾ, ನನಗೆ ಜಾಗ ಸಿಕ್ಕಿದೆ. ಇಷ್ಟು ದಿನ ಕೇಳಲು ಧೈರ್ಯವಾಗದಿದ್ದದ್ದನ್ನು ಈಗ ಕೇಳಬಹುದು. ನಾನು ಬರಲಿ ಎಂದು ನಿಮಗೆ ಆಸೆ ಇದೆಯೇ? ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಒಂದೇ ಮಾತು, ನಿಮ್ಮ ಕೈಯಾರೆ. ಬೇಗ ಬರೆಯಿರಿ.