ಹೊರಗೆ ಬಾರದ ಇನ್ಸುಲಿನ್

ಅಪ್ಪಾ, ಇದನ್ನು ನಿನಗೇ ಹೇಳಬೇಕು.

ನಾನೀಗ ಒಂದು ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತೇನೆ. ಇವತ್ತು ಅಲ್ಲಿನ ವಿಜ್ಞಾನಿ ಮೇಡಂ ನನ್ನನ್ನು ಕರೆದು ಪರದೆಯ ಮೇಲೆ ಇನ್ಸುಲಿನ್ ತಯಾರಿಸುವ ಒಂದು ಜೀವಕೋಶ ತೋರಿಸಿದರು. ಅದರ ತುಂಬ ಹಸಿರು ನೂಲು, ನಡುನಡುವೆ ಕೆಂಪು ಚುಕ್ಕೆ.

“ಆ ನೂಲೇ ಇದರ ಅಸ್ಥಿಪಂಜರ ಕಣೆ. ಚುಕ್ಕೆ ಇನ್ಸುಲಿನ್. ಸಕ್ಕರೆ ಬಂದಾಗ ಅಂಚಿನ ನೂಲು ಸಡಿಲ ಆಗಬೇಕು, ಆಗಲೇ ಇನ್ಸುಲಿನ್ ಹೊರಗೆ ಬರೋದು. ಇದರಲ್ಲಿ ಸಡಿಲ ಆಗ್ತಿಲ್ಲ, ಒಳಗೇ ಸಿಕ್ಕಿಹಾಕ್ಕೊಂಡಿದೆ. ಹೀಗಾದ್ರೆ ರಕ್ತದಲ್ಲಿ ಸಕ್ಕರೆ ಏರುತ್ತೆ.”

“ಕದ್ದು ಸಿಹಿ ತಿಂದಿದ್ದಕ್ಕಾ ಮೇಡಂ?”

ಅವರು ನಕ್ಕುಬಿಟ್ಟರು. “ಇದೆಲ್ಲಿ ಕದಿಯುತ್ತೆ? ತಟ್ಟೇಲಿಟ್ಟು ಬೆಳೆಸಿರೋದು ನಾವು!”

ನನಗೆ ನಗು ಬರಲಿಲ್ಲ. ನಿನ್ನ ಸಕ್ಕರೆ ಏರಿದಾಗಲೆಲ್ಲ ಅಮ್ಮ ನಿನ್ನ ಜೇಬು ತಡಕುತ್ತಿದ್ದಳು, ನಾನು ಬಾಯಿ ಮೂಸುತ್ತಿದ್ದೆ. “ನಿನ್ನಾಣೆ ತಿಂದಿಲ್ಲ ಪುಟ್ಟಿ” ಎಂದು ನೀನು ಬಾಯಿ ಅಗಲಿಸಿ ತೋರಿಸುತ್ತಿದ್ದೆ. “ಕಳ್ಳಬೆಕ್ಕೂ ಹೀಗೇ ಹೇಳೋದು” ಎಂದು ನಾವಿಬ್ಬರೂ ನಗುತ್ತಿದ್ದೆವು.

ನಿನ್ನೊಳಗೂ ಹೀಗೇ ಆಗಿತ್ತೋ ಏನೋ, ಅದು ಮೇಡಂಗೂ ಗೊತ್ತಿಲ್ಲವಂತೆ.

ಸಂಜೆ ಪಕ್ಕದ ಮನೆಯವರು ಬಂದಿದ್ದರು. “ಬಾಯಿ ಕಟ್ಟಿದ್ರೆ ಇವತ್ತು ಇರ್ತಿದ್ರು” ಎಂದು ಅಮ್ಮ ಎಂದಿನಂತೆ ಹೇಳಿ, ನಾನು ಹೂಂ ಎನ್ನಲೆಂದು ನನ್ನ ಕಡೆ ನೋಡಿದಳು.

ನಾನು ಹೂಂ ಎನ್ನಲಿಲ್ಲ ಅಪ್ಪಾ.